ಪಾಠಯೋಜನೆಯಲ್ಲಿ ‘ರಿಯಾಯಿತಿ’ ಬೇಡ, ‘ಅನುವು’ ಆದೀತೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಕೇಳುತ್ತಿದ್ದೇನೆ. ನಾಲ್ಕರಿಂದ ಏಳನೇ ತರಗತಿಯ ಶಿಕ್ಷಕರಿಗೆಂದು ನಾವು ಕೆಲವರು ಸೇರಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇವೆ. ಒಂದೇ ಕೋಣೆಯಲ್ಲಿ ಕೂತ ಬಗೆಬಗೆಯ ಮಕ್ಕಳಿಗೆ ವರ್ಷದ ಪಾಠವನ್ನು ಹೇಗೆ ಯೋಜಿಸಬೇಕು ಎಂಬುದು ಅದರ ವಿಷಯ. ಪಾಠಯೋಜನೆಯ ನಮೂನೆಯಲ್ಲಿ ಈಗ ಕಲಿಕಾಂಶ, ಕಲಿಕಾ ಫಲ, ಚಟುವಟಿಕೆ, ಕಲಿಕೋಪಕರಣ, ಮೌಲ್ಯಮಾಪನ, ಕೊನೆಗೆ ಷರಾ ಎಂಬ ಕಾಲಂಗಳಿವೆ. ಇವುಗಳ ನಡುವೆ ಇನ್ನೊಂದನ್ನು ಸೇರಿಸಬೇಕೆಂದಿದ್ದೇವೆ. ಈ ಪಾಠ ಎಲ್ಲ ಮಕ್ಕಳಿಗೂ ಎಟುಕಬೇಕಾದರೆ ನಾನು ಪಾಠದಲ್ಲಿ, ಸಾಮಗ್ರಿಯಲ್ಲಿ, ಸಮಯದಲ್ಲಿ ಏನನ್ನು ಬದಲಿಸಿಕೊಳ್ಳಬೇಕು ಎಂದು ಶಿಕ್ಷಕರು ಬರೆಯುವ ಜಾಗ ಅದು. ಆ ಕಾಲಮ್ಮಿನ ತಲೆಬರಹ ಏನಿರಬೇಕು?

ಈಗ ಇಂಥ ಸಂಗತಿಗಳೆಲ್ಲ ಹೋಗಿ ಕೂರುವುದು ಷರಾದಲ್ಲಿ. ‘ನಿಧಾನ ಕಲಿಕೆ’, ‘ಸತತ ಗೈರು’, ‘ಮನೆಮಾತು ಲಂಬಾಣಿ’, ‘ದೃಷ್ಟಿದೋಷ’ ಎಂದು ಬರೆದಿರುತ್ತಾರೆ. ಓದಿದರೆ ಮಗುವಿನ ವಿಚಾರ ಒಂದಿಷ್ಟು ತಿಳಿಯುತ್ತದೆ. ನಾಳೆ ಶಿಕ್ಷಕರು ಏನು ಮಾಡುತ್ತಾರೆ ಎಂಬುದು ತಿಳಿಯುವುದಿಲ್ಲ. ತಲೆಬರಹದ ಪದವೇ ಬರೆಯುವವರನ್ನು ಕೆಲಸದ ಕಡೆಗೆ ತಿರುಗಿಸುವಂತಿರಬೇಕು ಎಂಬುದು ನನ್ನ ಆಸೆ.

ಶಾಲೆಗಳಲ್ಲಿ ಬಾಯಿಗೆ ಮೊದಲು ಬರುವ ಪದ ‘ರಿಯಾಯಿತಿ’. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಟ್ಟರೂ ರಿಯಾಯಿತಿ, ಬರೆಯಲು ಲಿಪಿಕಾರರನ್ನು ಕೊಟ್ಟರೂ ರಿಯಾಯಿತಿ, ಒಂದು ಭಾಷೆಯನ್ನೇ ಕೈಬಿಟ್ಟರೂ ರಿಯಾಯಿತಿ. ಅರಬ್ಬಿಯಿಂದ ಬಂದ ಈ ಪದದ ಮೂಲದಲ್ಲಿ ಕಾಯುವುದು, ಲಕ್ಷ್ಯವಿಟ್ಟು ನೋಡಿಕೊಳ್ಳುವುದು ಎಂಬ ಅರ್ಥವಿದೆ. ನಮ್ಮ ‘ರೈತ’ನೂ ಅದೇ ಧಾತುವಿನ ಕಡೆಯವನು. ಆ ಅರ್ಥ ಉಳಿದಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ. ಆದರೆ ಕನ್ನಡದಲ್ಲಿ ಇವತ್ತು ರಿಯಾಯಿತಿ ಅಂದರೆ ಹಬ್ಬದ ಹೊತ್ತಿಗೆ ಬಟ್ಟೆ ಅಂಗಡಿಯವರು ಕೊಡುವುದು, ಬಸ್ ಪಾಸಿನಲ್ಲಿ ಸಿಗುವುದು. ಕೊಡುವವರು ಮೇಲೆ, ಪಡೆಯುವವರು ಕೆಳಗೆ, ಬೆಲೆಯಲ್ಲಿ ಏನೋ ಇಳಿದಿದೆ. ಹೆಚ್ಚುವರಿ ಸಮಯ ಪಡೆದು ಬರೆದ ಹುಡುಗಿಯ ಅಂಕವೂ ಸೋಡಿಯಲ್ಲಿ ಬಂದ ಅಂಕ ಎಂಬ ಭಾವ ಪಕ್ಕದ ಮಕ್ಕಳಲ್ಲಿ, ಕೆಲವೊಮ್ಮೆ ಶಿಕ್ಷಕರಲ್ಲೂ ಹುಟ್ಟುತ್ತದೆ. ಇದು ನನಗೆ ಬಹಳ ನೋವಿನ ಸಂಗತಿ.

ಕಾನೂನು ಇದನ್ನು ದಯೆಯ ಮಾತಾಗಿ ಬಿಟ್ಟಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆ ಇದ್ದದ್ದು 2016ರ ಕಾಯ್ದೆಯಲ್ಲಿ 21 ಆಯಿತು. ಓದು, ಬರಹ, ಲೆಕ್ಕಕ್ಕೆ ಸಂಬಂಧಿಸಿದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿ ಸೇರಿತು. ಮಗುವಿನ ಅಗತ್ಯಕ್ಕೆ ತಕ್ಕಂತೆ ಶಾಲೆ ತನ್ನ ವ್ಯವಸ್ಥೆಯನ್ನು ಹೊಂದಿಸಬೇಕು ಎನ್ನುತ್ತದೆ ಅದರ 16ನೇ ಕಲಂ. 17ನೇ ಕಲಂ ಪಠ್ಯಕ್ರಮದಲ್ಲೂ ಪರೀಕ್ಷೆಯಲ್ಲೂ ತಕ್ಕ ಮಾರ್ಪಾಡು ಮಾಡಬೇಕೆಂದು ಹೇಳಿ, ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಎಂದು ಉದಾಹರಣೆ ಕೊಡುತ್ತದೆ. ಮೊದಲ ಎರಡರಲ್ಲಿ ಮಗು ಕಲಿಯಬೇಕಾದ್ದು ಒಂದಿಷ್ಟೂ ಕಡಿಮೆಯಾಗಿಲ್ಲ, ದಾರಿ ಮಾತ್ರ ಬೇರೆ. ಕೊನೆಯದರಲ್ಲಿ ಕಲಿಯುವುದನ್ನೇ ಬಿಟ್ಟಿದ್ದೇವೆ. ಕೆಲವು ಮಕ್ಕಳಿಗೆ ಅದೂ ಬೇಕು, ಅದಕ್ಕೆ ‘ವಿನಾಯಿತಿ’ ಸರಿಯಾದ ಪದ. ಆದರೆ ಎರಡು ಬಗೆಗೂ ‘ರಿಯಾಯಿತಿ’ ಎಂದುಬಿಟ್ಟರೆ ಯೋಜನೆ ಬರೆಯುವವರ ಕೈ ಸುಲಭವಾದ ಕಡೆಗೆ ಹರಿಯುತ್ತದೆ. ಭಿನ್ನರಾಶಿ ಕಷ್ಟವೆ? ಆ ಮಗುವಿಗೆ ಬಿಟ್ಟುಬಿಡಿ. ನಾನು ನೋಡಿದ ಯೋಜನೆಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ.

ಒಳ್ಳೆಯ ಪದಗಳು ಹೇಗೆ ಕೆಲಸ ಮಾಡುತ್ತವೆ ಎನ್ನುವುದಕ್ಕೆ ಮಾದರಿ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿಯನ್ನು, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಚಟುವಟಿಕೆಯ ಕಾರ್ಡುಗಳಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯನ್ನು, ನೆನೆಯಿರಿ. ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಪ್ರಯೋಗವನ್ನು ನೋಡಿ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಕಟ್ಟಿ ಬೆಳೆಸಿದ್ದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಅಕ್ಷರಗಳು ‘ಅ ಆ ಇ ಈ’ ಎಂದು ಸಾಲಾಗಿ ಬರುವುದಿಲ್ಲ. ‘ರ ಗ ಸ ದ ಅ’ ಎಂದು ಬರುತ್ತವೆ. ಆ ಐದರಿಂದಲೇ ಅರಸ, ಸರ, ದರ, ಗರಗಸ ಎಂದು ಮಗು ಮೊದಲ ವಾರಗಳಲ್ಲೇ ಪದ ಓದಬೇಕು ಎಂಬ ಲೆಕ್ಕ. ಅಲ್ಲಿನ ಪದಗಳೋ: ಕಲಿಕಾ ಏಣಿ, ಮೈಲಿಗಲ್ಲು, ಮೆಟ್ಟಿಲು, ತಟ್ಟೆ, ಪ್ರಗತಿ ನೋಟ. ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು ಐದು. ಶಿಕ್ಷಕರ ಪೂರ್ಣ ಬೆಂಬಲ, ಶಿಕ್ಷಕರ ಭಾಗಶಃ ಬೆಂಬಲ, ಗೆಳೆಯರ ಪೂರ್ಣ ಬೆಂಬಲ, ಗೆಳೆಯರ ಭಾಗಶಃ ಬೆಂಬಲ, ಸ್ವಕಲಿಕೆ. ಕಾರ್ಡು ಬದಲಾದಂತೆ ಮಗು ತಟ್ಟೆ ಬದಲಿಸುತ್ತದೆ; ಇವತ್ತು ಒಂದನೇ ತಟ್ಟೆಯಲ್ಲಿ ಕೂತ ಮಗು ನಾಳೆ ಐದನೆಯದರಲ್ಲಿ. ಜಾಣರ ತಟ್ಟೆ, ದಡ್ಡರ ತಟ್ಟೆ ಎಂಬುದೇ ಇಲ್ಲ. ಜ್ವರ ಬಂದು ಹದಿನೈದು ದಿನ ಮನೆಯಲ್ಲಿದ್ದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಜಾರಿಯಲ್ಲಿ ಕುಂದುಕೊರತೆ ಬೇಕಾದಷ್ಟಿವೆ, ಒಪ್ಪುತ್ತೇನೆ. ಆದರೆ ಈ ಪದಗಳಲ್ಲಿ ಒಂದೂ ಮಗುವಿನ ಹಣೆಯ ಮೇಲೆ ಏನನ್ನೂ ಬರೆಯುವುದಿಲ್ಲ. ಎಲ್ಲವೂ ಶಾಲೆ ಮಾಡಿಟ್ಟ ಏರ್ಪಾಟಿನ ಹೆಸರುಗಳು.

ನಾಲ್ಕನೇ ತರಗತಿಗೆ ಬಂದೊಡನೆ ಏಣಿ ಹೋಗಿ ಪಠ್ಯಪುಸ್ತಕ ಬರುತ್ತದೆ, ಪದಗಳೂ ಬದಲಾಗುತ್ತವೆ. ‘ಕಲಿಕೆಯಲ್ಲಿ ಹಿಂದುಳಿದವರು’, ‘ನಿಧಾನಗತಿಯವರು’, ‘ಪರಿಹಾರ ಬೋಧನೆ’. ಮೊನ್ನೆ ಒಂದು ಸಮಾಲೋಚನಾ ಸಭೆಯಲ್ಲಿ ಯಾದಗಿರಿ ಕಡೆಯ ಶಿಕ್ಷಕರೊಬ್ಬರು ಗುಳೆ ಹೋಗುವ ಮನೆಗಳ ಮಕ್ಕಳ ಬಗ್ಗೆ ಹೇಳಿದರು: “ಆ ಹುಡುಗಗ ನಾ ಏನ್ ರಿಯಾಯ್ತಿ ಕೊಡ್ಲಿರಿ? ಅಂವ ತಿರುಗಿ ಬರೂದ್ರಾಗ ಪಾಠನ ಮುಗದಿರ್ತದ.” ಹಿಂದಿನ ತರಗತಿಯ ಕಲಿಕೆಯನ್ನು ಹೊಸ ಪಾಠಕ್ಕೆ ಬೆಸೆಯುವ ಸೇತುಬಂಧ ನಡೆಯುವುದು ಜೂನ್‌ನಲ್ಲಿ, ಶಾಲೆ ಶುರುವಾಗುವಾಗ. ಸುಗ್ಗಿ ಮುಗಿದೋ ಕಟ್ಟಡದ ಕೆಲಸ ಮುಗಿದೋ ನಡುವರ್ಷದಲ್ಲಿ ಬಂದು ಕೂರುವ ಮಗುವಿಗೆ ಸೇತುವೂ ಇಲ್ಲ ಬಂಧವೂ ಇಲ್ಲ. ಆ ಮಗುವಿಗೆ ಯಾವ ನ್ಯೂನತೆಯೂ ಇಲ್ಲ, 2016ರ ಕಾಯ್ದೆ ಅದಕ್ಕೆ ಅನ್ವಯಿಸುವುದಿಲ್ಲ. ಆದರೂ ಪಾಠಯೋಜನೆಯಲ್ಲಿ ಅದಕ್ಕೊಂದು ಜಾಗ ಬೇಕು. ಹಾಗಾಗಿ ನಾನು ಹುಡುಕುತ್ತಿರುವ ಪದ ಕಣ್ಣು ಕಾಣದ ಮಗುವಿಗೂ, ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಆಡುವ ಮಗುವಿಗೂ, ಗುಳೆಯಿಂದ ಮರಳಿದ ಮಗುವಿಗೂ, ಪುಸ್ತಕವನ್ನು ಆಗಲೇ ಓದಿ ಮುಗಿಸಿ ಬೇಸರದಿಂದ ಕೂತ ಮಗುವಿಗೂ ಸಲ್ಲಬೇಕು. ನಾಲ್ಕನೆಯವರನ್ನು ನಾವು ಹೆಚ್ಚಾಗಿ ಮರೆಯುತ್ತೇವೆ.

ಯೋಚಿಸಿದ ಕೆಲವು ಪದಗಳು ಹೀಗಿವೆ. ‘ಹೊಂದಾಣಿಕೆ’ ಎಲ್ಲರಿಗೂ ಗೊತ್ತು, ಆದರೆ ಕನ್ನಡದಲ್ಲಿ ಹೊಂದಿಕೊಂಡು ಹೋಗುವ ಭಾರ ಯಾವಾಗಲೂ ಹೊಸದಾಗಿ ಬಂದ ಸೊಸೆಯ ಮೇಲೆಯೇ ಬೀಳುತ್ತದೆ. ಇಲ್ಲಿ ಮಗುವಿನ ಮೇಲೆ ಬೀಳುತ್ತದೆ. ‘ಮಾರ್ಪಾಡು’ ತಪ್ಪಿಲ್ಲದ ಪದ, ಆದರೆ ಯಾರಿಗಾಗಿ ಎಂಬುದು ಅದರಲ್ಲಿಲ್ಲ. ಸುತ್ತೋಲೆಯ ತಿದ್ದುಪಡಿಯೂ ಮಾರ್ಪಾಡೇ. ‘ಸೌಲಭ್ಯ’ ಅಂದರೆ ಸಮವಸ್ತ್ರ, ಸೈಕಲ್, ಹಾಸ್ಟೆಲ್ ನೆನಪಾಗುತ್ತವೆ. ‘ಬೆಂಬಲ’ ನಲಿ-ಕಲಿಯಲ್ಲಿ ಚೆನ್ನಾಗಿ ನಿಂತಿದೆ, ಆದರೆ ಅದು ಪಕ್ಕದಲ್ಲಿ ನಿಲ್ಲುವ ವ್ಯಕ್ತಿಯ ಮಾತು; ದಪ್ಪ ಅಕ್ಷರದ ಹಾಳೆಯನ್ನು ಬೆಂಬಲ ಎನ್ನಲು ನಾಲಿಗೆ ಹಿಂಜರಿಯುತ್ತದೆ.

ನನ್ನ ಮನಸ್ಸು ನಿಂತಿರುವುದು ‘ಅನುವು’ ಎಂಬುದರ ಮೇಲೆ. ಅಣಿ, ಸಿದ್ಧತೆ, ತಕ್ಕುದಾಗಿರುವಿಕೆ, ಹದವರಿತ ರೀತಿ, ಇಷ್ಟೂ ಅದರಲ್ಲಿವೆ. ‘ಅನುವು ಮಾಡಿಕೊಡು’ ಎಂದಾಗ ದಾರಿ ಬಿಡುವವರು, ಜಾಗ ಸರಿಪಡಿಸುವವರು ನಾವು, ನಡೆಯುವವರು ಅವರೇ. ‘ಅನುವು ಆಪತ್ತಿಗೆ ಆಗುವವರು’ ಎಂಬ ಮಾತಿನಲ್ಲಿ ಹೊತ್ತಿಗೆ ಒದಗುವ ಅರ್ಥವೂ ಇದೆ. ವಚನಗಳಲ್ಲಿ ‘ಅನುವನರಿ’ ಎಂಬ ಬಳಕೆ ಸಿಗುತ್ತದೆ. ತರಬೇತಿಗಳಲ್ಲಿ ಕಲಿಕೆಗೆ ನೆರವಾಗುವವರನ್ನು ‘ಸುಗಮಕಾರ’ ಎನ್ನುವಂತೆ ‘ಅನುವುಗಾರ’ ಎಂದೂ ಕರೆಯುವುದುಂಟು. ಅನುವುಗಾರರು ಇರುವಾಗ ಅವರು ಮಾಡಿಕೊಡುವುದು ಅನುವು ಆಗಲೇಬೇಕಲ್ಲ!

ಕಾಲಮ್ಮಿನಲ್ಲಿ ಇದು ಹೇಗೆ ಕೂರುತ್ತದೆ ಎಂದು ಐದನೇ ತರಗತಿಯ ಭಿನ್ನರಾಶಿ ಪಾಠಕ್ಕೆ ಬರೆದು ನೋಡಿದೆ. ಅನುವು: ಕಣ್ಣು ಮಂಜಾದ ಮಗುವಿಗೆ ಚಿತ್ರದ ಬದಲು ಕತ್ತರಿಸಿದ ರಟ್ಟಿನ ತುಂಡುಗಳು, ಬೆರಳಾಡಿಸಿ ಅಳೆಯಲು. ಅನುವು: ಹೇಳಿಕೆ ಲೆಕ್ಕವನ್ನು ಲಂಬಾಣಿ ಬಲ್ಲ ಗೆಳತಿಯೊಡನೆ ಮೊದಲು ಮನೆಮಾತಿನಲ್ಲಿ ಆಡಿಕೊಂಡು, ಆಮೇಲೆ ಕನ್ನಡದಲ್ಲಿ ಓದುವುದು. ಅನುವು: ಮೊನ್ನೆಯಷ್ಟೇ ಮರಳಿದ ಹುಡುಗನಿಗೆ ಅಂಶ, ಛೇದಗಳಿಗಿಂತ ಮುಂಚೆ ಅರ್ಧ, ಕಾಲು, ಮುಕ್ಕಾಲು; ಅಪ್ಪನ ಜೊತೆ ಕಟ್ಟಡದಲ್ಲಿ ಟೇಪು ಹಿಡಿದವನಿಗೆ ಅರೆಕಾಲು ಇಂಚು ಗೊತ್ತಿರುತ್ತದೆ, ಅಲ್ಲಿಂದ ಶುರು. ಅನುವು: ಮುಗಿಸಿ ಕೂತವಳಿಗೆ ಹಳೆಯ ವೀಸದ ಲೆಕ್ಕ; ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು, ಎಷ್ಟು ವೀಸ ಸೇರಿದರೆ ಮುಕ್ಕಾಲು ಎಂದು. ಬರೆಯುತ್ತಾ ಹೋದಾಗ ಕಲಿಕಾ ಫಲ ನಾಲ್ವರಿಗೂ ಒಂದೇ ಉಳಿಯಿತು. ‘ರಿಯಾಯಿತಿ’ ಎಂಬ ತಲೆಬರಹದ ಕೆಳಗೆ ಈ ನಾಲ್ಕು ಸಾಲುಗಳಲ್ಲಿ ಒಂದೂ ಹುಟ್ಟುತ್ತಿರಲಿಲ್ಲ ಎಂದು ನನಗೆ ಖಚಿತ.

ಅಡ್ಡಿಗಳೂ ಇವೆ. ಪತ್ರಿಕೆಗಳಲ್ಲಿ ‘ಅಕ್ರಮಕ್ಕೆ ಅನುವು ಮಾಡಿಕೊಟ್ಟಿತು’ ಎಂಬ ಬಳಕೆ ದಿನವೂ ಕಾಣುತ್ತದೆ. ಅಲ್ಲಿ ಅದು ಆಸ್ಪದ ಎಂಬ ಅರ್ಥಕ್ಕೆ ಇಳಿದಿದೆ. ಬಹುವಚನ ‘ಅನುವುಗಳು’ ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಆಡುಮಾತಿನಲ್ಲಿ ‘ಅನಕೂಲ’ ಕೇಳುತ್ತೇನೆ, ‘ಅನುವು’ ಅಷ್ಟಾಗಿ ಕೇಳಿಲ್ಲ. ರಾಜ್ಯದ ಅರ್ಧ ಭಾಗಕ್ಕೆ ಪುಸ್ತಕದ ಪದವಾಗುವುದಾದರೆ ಕೈಪಿಡಿಗೆ ಅದರಿಂದ ಏನು ಉಪಯೋಗ?

ಇದರ ಜೊತೆಗೆ ಇನ್ನೆರಡು ಸಣ್ಣ ತೊಡಕುಗಳು. ಇಲಾಖೆಯ ಬಳಕೆಯಲ್ಲಿ ‘ಸಮನ್ವಯ ಶಿಕ್ಷಣ’ ಬಹಳ ಕಾಲದಿಂದ ನಡೆದುಬಂದಿದೆ. ಮಗುವನ್ನು ಇದ್ದ ಶಾಲೆಗೆ ತಂದು ಸೇರಿಸುವುದಕ್ಕೂ, ಮಗುವಿಗಾಗಿ ಶಾಲೆಯೇ ಬದಲಾಗುವುದಕ್ಕೂ ಅದೇ ಒಂದು ಪದ. ಮೊದಲನೆಯದು 1974ರಿಂದ ಕೇಂದ್ರದ ಯೋಜನೆಯಾಗಿತ್ತು, ಎರಡನೆಯದು ಈಗಿನ ಕಾನೂನಿನ ಮಾತು. ಎರಡನೆಯದಕ್ಕೆ ‘ಒಳಗೊಳ್ಳುವ ಶಿಕ್ಷಣ’ ಎಂದು ಬರೆಯುತ್ತಿದ್ದೇವೆ. ಹಿಂದಿಯ ದಾರಿಯಿಂದ ಬರುತ್ತಿರುವ ‘ಸಮಾವೇಶಿ’ ನನಗೆ ಬೇಡ, ಕನ್ನಡದಲ್ಲಿ ಸಮಾವೇಶ ಅಂದರೆ ಪೆಂಡಾಲು, ಭಾಷಣ. ಇನ್ನೊಂದು ‘ಪಠ್ಯಕ್ರಮ’. ಪಠ್ಯ ಅಂದರೆ ಓದಬೇಕಾದ್ದು. ಹೀಗಾಗಿ ಪಠ್ಯಕ್ರಮದ ಸುಧಾರಣೆ ಎಂದೊಡನೆ ನಮ್ಮ ಚರ್ಚೆಯೆಲ್ಲ ಪುಸ್ತಕದಲ್ಲಿ ಯಾವ ಪಾಠ ಇತ್ತು, ಯಾವುದು ಹೋಯಿತು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಪಠ್ಯಪುಸ್ತಕ ಪರಿಷ್ಕರಣೆಯ ಬಗ್ಗೆ ಎದ್ದ 2022ರ ಗದ್ದಲ ಎಲ್ಲರಿಗೂ ನೆನಪಿದೆ. ಆ ಪಾಠವನ್ನು ಓದಲಾಗದ ಮಗು ಏನು ಮಾಡಬೇಕು ಎಂದು ಆಗ ಕೇಳಿದವರು ಎಷ್ಟು ಜನ? ಆದರೂ ‘ಪಠ್ಯಕ್ರಮ’ ಬೇರೂರಿದೆ, ಅದನ್ನು ಕೀಳುವ ಇರಾದೆ ನನಗಿಲ್ಲ.

ಈಗಲೇ ಕೇಳುತ್ತಿರುವುದಕ್ಕೆ ಕಾರಣವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲಿಕೆಯ ವರ್ಷಗಳನ್ನು 5+3+3+4 ಎಂದು ಹಂತಗಳಾಗಿ ವಿಂಗಡಿಸಿತು. ಅದರ ಬೆನ್ನಿಗೆ 2022ರಲ್ಲಿ ತಳಹದಿ ಹಂತಕ್ಕೂ 2023ರಲ್ಲಿ ಇಡೀ ಶಾಲಾ ಶಿಕ್ಷಣಕ್ಕೂ ಪಠ್ಯಕ್ರಮ ಚೌಕಟ್ಟುಗಳು ಬಂದವು. ನಮ್ಮ ರಾಜ್ಯದಲ್ಲಿ ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು 2+8+4 ಎಂದಿತು, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಬೋಧನೆ ಎಂದಿತು. ಯಾವುದು ಹೇಗೆ ಜಾರಿಯಾದರೂ ಹೊಸ ನಮೂನೆಗಳು ಅಚ್ಚಾಗುತ್ತವೆ, ಅವುಗಳಲ್ಲಿ ಹೊಸ ತಲೆಬರಹಗಳು ಕೂರುತ್ತವೆ. ಒಮ್ಮೆ ಅಚ್ಚಾದ ಪದ ಹತ್ತಾರು ವರ್ಷ ಕದಲುವುದಿಲ್ಲ.

ಆದ್ದರಿಂದ ಬಲ್ಲವರಲ್ಲಿ ನನ್ನ ವಿನಂತಿ. ‘ಅನುವು’ ನಿಮ್ಮ ಕಡೆ ಆಡುಮಾತಿನಲ್ಲಿದೆಯೆ, ಇದ್ದರೆ ಯಾವ ಅರ್ಥದಲ್ಲಿ? ಕಲಬುರಗಿ, ರಾಯಚೂರು, ಬೆಳಗಾವಿ ಕಡೆಯವರು ದಯವಿಟ್ಟು ಬರೆಯಿರಿ. ಕರಾವಳಿಯಲ್ಲಿ, ಕೊಡಗಿನಲ್ಲಿ ಇದೇ ಅರ್ಥಕ್ಕೆ ಬೇರೆ ಮಾತಿದೆಯೆ? ಹಳಗನ್ನಡ ಓದಿದವರು ‘ಅನು’, ‘ಅನುಗೆಯ್’ ಪ್ರಯೋಗಗಳನ್ನು ತೋರಿಸಿದರೆ ಉಪಕಾರ. ಕಿವಿಕೇಳದ ಮಕ್ಕಳ ಶಾಲೆಗಳಲ್ಲಿ ದುಡಿಯುವವರು, ತಾವು ದಿನವೂ ಮಾಡುವ ಈ ಕೆಲಸಕ್ಕೆ ತಮ್ಮತಮ್ಮಲ್ಲಿ ಏನೆನ್ನುತ್ತಾರೆ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯ; ಅವರಲ್ಲಿ ಬಳಕೆಯಲ್ಲಿರುವ ಪದವೊಂದು ಸಿಕ್ಕರೆ ನನ್ನ ‘ಅನುವು’ವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.