ಅಕ್ಕಿಯ ಪಾವು, ಭಾಜಿಯ ಪಾವ್, ಹಳಗನ್ನಡದ ಪಾವು: ಮೂಲ ಒಂದೇನಾ?

ಉಡುಪಿ_ಓದುಗ:
ಅಕ್ಕಿ ಅಳೆಯುವ ಪಾವು, ಭಾಜಿ ಜೊತೆ ಕೊಡುವ ಪಾವ್, ಹಳಗನ್ನಡದಲ್ಲಿ ಹಾವಿಗೆ ಪಾವು. ಇವಕ್ಕೆ ಏನಾದರೂ ಸಂಬಂಧ ಉಂಟಾ? ವಾಟ್ಸಾಪಿನಲ್ಲಿ ಎರಡು ವಿವರಣೆ ತಿರುಗ್ತಾ ಉಂಟು: ಬ್ರೆಡ್ಡನ್ನು ನಾಲ್ಕು ಭಾಗ ಮಾಡ್ತಾರೆ, ಹಾಗಾಗಿ ಪಾವ್, ಹಿಟ್ಟನ್ನು ಕಾಲಲ್ಲಿ ತುಳಿದು ನಾದ್ತಿದ್ರು, ಹಾಗಾಗಿ ಪಾವ್. ಕೊಂಕಣಿಯಲ್ಲಿ ಮಳೆಗೆ ಪಾವ್ಸ್ ಅಂತಾರಲ್ಲ, ಅದೂ ಇದರ ನೆಂಟನಾ?

ಕುಡ್ಲ_ನಿಘಂಟು:
ನಾಲ್ಕಕ್ಕೂ ಬೇರೆ ಬೇರೆ ಮೂಲ.

ಹಾವಿನದ್ದು ಅಪ್ಪಟ ದ್ರಾವಿಡ. ತಮಿಳು, ಮಲಯಾಳದಲ್ಲಿ ಪಾಂಬು, ತೆಲುಗಿನಲ್ಲಿ ಪಾಮು. ಕನ್ನಡದಲ್ಲಿ ಪಾಲು ಹಾಲಾಗಿ, ಪುಲಿ ಹುಲಿಯಾದ ಹಾಗೆ ಪಾವು ಹಾವಾಯಿತು. ತುಳುವಿನಲ್ಲಿ ಈ ಬದಲಾವಣೆ ಆಗಲಿಲ್ಲ, ಪಿಲಿ ಪಿಲಿಯಾಗಿಯೇ ಉಳಿಯಿತು. ಆದರೆ ಹಾವಿಗೆ ಅಲ್ಲಿ ಉಚ್ಚು ಎಂಬ ಬೇರೆಯೇ ಪದ, ಹಾಗಾಗಿ ಈ ವಿಷಯದಲ್ಲಿ ತುಳು ಸಹಾಯಕ್ಕೆ ಬರುವುದಿಲ್ಲ.

ಅಳತೆಯ ಪಾವು ಸಂಸ್ಕೃತದ ಪಾದದಿಂದ. ಪಾದ ಅಂದರೆ ಕಾಲೂ ಹೌದು, ನಾಲ್ಕರಲ್ಲಿ ಒಂದು ಪಾಲೂ ಹೌದು. ಪ್ರಾಕೃತದಲ್ಲಿ ನಡುವಿನ ದ ಸವೆದು ಹೋಯಿತು. ನಾಲ್ಕು ಪಾವಿಗೆ ಒಂದು ಸೇರು, ನಾಲ್ಕಾಣೆಗೆ ಪಾವಲಿ. ನಮ್ಮ ‘ಕಾಲು’ ಕೂಡ ಹೀಗೆಯೇ: ಕಾಲು ನೋವು, ಕಾಲು ಗಂಟೆ.

ಪಾವ್ಸ್ ಬಂದದ್ದು ಮಳೆಗಾಲ ಎಂಬ ಅರ್ಥದ ಪ್ರಾವೃಷ್‌ನಿಂದ. ಮರಾಠಿಯ ಪಾಊಸ್ ಅದರ ಒಡಹುಟ್ಟು.

ಅಳತೆಯ ಪಾವು ಕನ್ನಡದಲ್ಲಿ ಹಾವು ಆಗಲಿಲ್ಲ ನೋಡಿ. ಅಂದರೆ ಪಕಾರ ಹಕಾರವಾಗುವ ಕಾಲ ಮುಗಿದ ಮೇಲೆ ಒಳಗೆ ಬಂದ ಪದ.

ಮಲ್ಪೆ_ಗಾಳಿ:
ಮೇಲಿನ ಕೊನೆಯ ಮಾತಿಗೆ ಒಂದು ತಿದ್ದುಪಡಿ. ಸಂಸ್ಕೃತ ಮೂಲದ್ದಾದರೂ ಬೇಗ ಬಂದು ಜನರ ಬಾಯಲ್ಲಿ ಪಳಗಿದ ಪದ ಬದಲಾಗಿದೆ: ಪಕ್ಷಿ, ಪಕ್ಕಿ, ಹಕ್ಕಿ; ಪರ್ವ, ಪಬ್ಬ, ಹಬ್ಬ. ತುಳುವಿನಲ್ಲಿ ಇಂದಿಗೂ ಪಕ್ಕಿ, ಪರ್ಬ. ಪುಸ್ತಕ, ಪಾದದಂಥವು ಓದುಬರಹದ ಪದಗಳಾಗಿ ಪ ಉಳಿಸಿಕೊಂಡವು. ಹಾಗಾಗಿ ಹ ಕಂಡರೆ ಹಳೆಯದು ಅನ್ನಬಹುದು, ಪ ಇದೆ ಅಂತ ಮಾತ್ರಕ್ಕೆ ತಡವಾಗಿ ಬಂದದ್ದು ಅನ್ನುವಂತಿಲ್ಲ.

ಈಗ ಬ್ರೆಡ್ಡು. ಅದು ಪೋರ್ಚುಗೀಸ್ ಪದ. ಲ್ಯಾಟಿನ್ನಿನ ಪಾನೆಮ್‌ನ ನ ಕರಗಿ ಮೂಗಿನಲ್ಲಿ ಹೇಳುವ ಪಾಂವ್ ಆಯಿತು. ಗೋವಾ 1510ರಲ್ಲಿ ಅವರ ಕೈಸೇರಿತು, ಪದ ಕರಾವಳಿಗೆ ಹಬ್ಬಿತು. ಅದೇ ಶತಮಾನದಲ್ಲಿ ಜಪಾನಿಗೂ ಹೋಯಿತು. ಅಲ್ಲಿ ಇಂದಿಗೂ ಬ್ರೆಡ್ಡಿಗೆ ಪಾನ್.

ವಾಟ್ಸಾಪ್ ಕತೆಗಳನ್ನು ಬಂಗಾಳಿಯಲ್ಲಿ ಒರೆಗೆ ಹಚ್ಚಿ. ಅಲ್ಲಿ ಕಾಲಿಗೆ ಪಾ, ಕಾಲು ಸೇರಿಗೆ ಪೋಯಾ, ಬ್ರೆಡ್ಡಿಗೆ ಪಾಉರುಟಿ. ಕಾಲಿಂದಲೋ ನಾಲ್ಕನೇ ಪಾಲಿಂದಲೋ ಬ್ರೆಡ್ಡಿಗೆ ಹೆಸರು ಬಂದಿದ್ದರೆ ಪಾರುಟಿ ಅಥವಾ ಪೋಯಾರುಟಿ ಇರಬೇಕಿತ್ತು. ಮರಾಠಿ, ಹಿಂದಿಗಳಲ್ಲಿ ಕಾಲುಭಾಗ, ಬ್ರೆಡ್ಡು ಎರಡೂ ಪಾವ್ ಆಗಿ ಕಲಸಿಹೋದದ್ದರಿಂದಲೇ ಈ ಕತೆ ಹುಟ್ಟಿದ್ದು.

ಮೂಗಿನ ಧ್ವನಿ ಬಿಟ್ಟರೆ ಎಡವಟ್ಟು, ಮಾರಾಯ್ರೆ. ಪೋರ್ಚುಗೀಸಿನಲ್ಲಿ ಬರೀ ಪಾವ್ ಅಂದರೆ ಮರ, ಕೋಲು. ಬೇಕರಿಯಲ್ಲಿ ಕೋಲು ಕೇಳಿದ ಹಾಗಾಗ್ತದೆ.

ಉಡುಪಿ_ಓದುಗ:
ಮಲೇಷ್ಯಾದಲ್ಲಿ ಹಬೆಯಲ್ಲಿ ಬೇಯಿಸಿದ ಬನ್ನಿಗೂ ಪಾವ್ ಅಂತಾರೆ. ಅದಾದರೂ ಪೋರ್ಚುಗೀಸರದ್ದೇ ಅಲ್ವಾ? ಮಲಾಕ್ಕಾದಲ್ಲಿ ಅವರು ಇದ್ದರಲ್ಲ.

ಕುಡ್ಲ_ನಿಘಂಟು:
ಅಲ್ಲ. ಅದು ಚೀನೀ ಭಾಷೆಯ ಹೊಕ್ಕಿಯೆನ್ ನುಡಿಯಿಂದ ಮಲಯ್‌ಗೆ ಬಂದದ್ದು, ಮೂಲ ಅರ್ಥ ‘ಸುತ್ತು, ಪೊಟ್ಟಣ ಕಟ್ಟು’. ಒಳಗೆ ಹೂರಣ ಇಟ್ಟು ಸುತ್ತುವುದರಿಂದ ಆ ಹೆಸರು. ಉಚ್ಚಾರ, ಅರ್ಥ ಎರಡೂ ಹತ್ತಿರ ಇದ್ದರೂ ನೆಂಟಸ್ತಿಕೆ ಇಲ್ಲ. ಹವಾಯಿಯಲ್ಲಂತೂ ಪಾಉ ಅಂದರೆ ‘ಮುಗಿಯಿತು’.

ಇನ್ನೊಂದು ಪದ ಹುಡುಕುವಾಗ ಮೊದಲು ಅದರ ಹಳೆಯ ರೂಪ ತೆಗೆಯಿರಿ, ಇಂದಿನ ರೂಪಗಳನ್ನು ನೇರ ಜೋಡಿಸಬೇಡಿ. ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು, ತುಳುವಿಗೆ ಉಡುಪಿಯ 6 ಸಂಪುಟಗಳ ತುಳು ನಿಘಂಟು ಸಾಕು. ಆಮೇಲೆ ಅದೇ ಬದಲಾವಣೆ ಬೇರೆ ಐದಾರು ಪದಗಳಲ್ಲೂ ಆಗಿದೆಯಾ ನೋಡಿ. ಒಂದರಲ್ಲೇ ಆಗಿದ್ದರೆ ಸಂಶಯ ಪಡಿ.

ಮಲ್ಪೆ_ಗಾಳಿ:
ಅಂದ ಹಾಗೆ ಪಾಉರುಟಿ, ಹಿಂದಿಯ ಪಾವ್‌ರೋಟಿ ಎರಡೂ ‘ರೊಟ್ಟಿ ರೊಟ್ಟಿ’ಯೇ. ನಮ್ಮ ‘ನಡು ಸೆಂಟರ್’ ಇದ್ದ ಹಾಗೆ.