ಅಪ್‌ಡೇಟ್: ಗೇಟು ತೆರೆದಾಗ ಹೊತ್ತಿಕೊಳ್ಳುವ ದೀಪಗಳು

ಗೇಟಿನಿಂದ ಪೋರ್ಟಿಕೋವರೆಗಿನ ದೀಪಗಳು ಗೇಟು ತೆರೆದಾಗ ತಾವಾಗಿಯೇ ಹೊತ್ತಿಕೊಳ್ಳಲು ಏನು ಮಾಡಬೇಕೆಂದು ಕೇಳಿದ್ದೆ. ಕೆಲಸ ಮುಗಿದಿದೆ. ಬಿಸಿಯಿರುವ ಏನಾದರೂ ಅಲುಗಾಡಿದರೆ ಗುರುತಿಸುವ ಪಿಐಆರ್ ಸೆನ್ಸರ್ ಸಾಕೆಂದು ಕೆಲವರು ಹೇಳಿದ್ದಿರಿ. ಅದಕ್ಕೆ ಬೀದಿ ನಾಯಿಯೂ ಒಂದೇ, ಕಾರೂ ಒಂದೇ! ಹಾಗಾಗಿ ಗೇಟಿನ ಕಂಬಕ್ಕೆ ಮ್ಯಾಗ್ನೆಟಿಕ್ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದಾಗ, ದೂರ ಸರಿದಾಗ ಕೆಲಸ ಮಾಡುವ ಸ್ವಿಚ್) ಕೂರಿಸಿದೆವು. ಗೇಟು ಸರಿದೊಡನೆ ಅದು 12 ವೋಲ್ಟ್‌ನ ಆಫ್-ಡಿಲೇ (ಸೂಚನೆ ನಿಂತ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಆರಿಸುವ) ಟೈಮರ್‌ಗೆ ಸೂಚನೆ ಕೊಡುತ್ತದೆ. ಟೈಮರಿನ ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ನಡೆಸುವ ಸ್ವಿಚ್) 230 ವೋಲ್ಟ್‌ನ ದೀಪಗಳನ್ನು ಹೊತ್ತಿಸಿ, ಗೇಟು ಮುಚ್ಚಿದ ಮೂರು ನಿಮಿಷಕ್ಕೆ ಆರಿಸುತ್ತದೆ.

ಹಗಲಲ್ಲಿ ಉರಿಯದಿರಲೆಂದು ಬೆಳಕನ್ನು ಗುರುತಿಸುವ ಫೋಟೋಸೆಲ್ ಕೂಡ ಇದೆ. ಅದರ ಮುಖ ದೀಪದತ್ತ ಇರಕೂಡದು. ಇದ್ದರೆ, ಬೆಳಕು ಬಿದ್ದೊಡನೆ ಹಗಲೆಂದು ತಿಳಿದು ಆರಿಸುತ್ತದೆ, ಕತ್ತಲಾದೊಡನೆ ಮತ್ತೆ ಹೊತ್ತಿಸುತ್ತದೆ, ರಾತ್ರಿಯಿಡೀ ಕಣ್ಣುಮುಚ್ಚಾಲೆ. ನಾವು ಸೂರಿನಡಿ, ದೀಪಗಳಿಗೆ ಬೆನ್ನು ಮಾಡಿ ಕೂರಿಸಿದ್ದೇವೆ.

ಗೇಟ್ ಮೋಟಾರಿನ ಬೋರ್ಡಿನಲ್ಲೇ ದೀಪಕ್ಕೆಂದು ರಿಲೇ ಔಟ್‌ಪುಟ್ ಇರುವವರಿಗೆ ಈ ರೀಡ್ ಸ್ವಿಚ್ಚಿನ ಗೊಡವೆ ಬೇಕಿಲ್ಲ.