ಜರ್ಮನಿಯಲ್ಲಿ ನರ್ಸ್ ಕೆಲಸ: ಏಜೆನ್ಸಿಗೆ ನಾಲ್ಕೂವರೆ ಲಕ್ಷ ಕಟ್ಟಬಹುದಾ?

ಮಂಡ್ಯದ ಅಣ್ಣ:
ಎಲ್ಲರಿಗೂ ನಮಸ್ಕಾರ. ತಂಗಿ ಬಿಎಸ್‌ಸಿ ನರ್ಸಿಂಗ್ ಮುಗಿಸಿ ಮೈಸೂರಿನ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾಳೆ. ಜರ್ಮನ್ ಭಾಷೆಯಲ್ಲಿ ಎ2 (ಆರಂಭದ ಎರಡನೇ ಹಂತ) ಪಾಸಾಗಿದೆ. ಏಜೆನ್ಸಿಯೊಂದು ನಾಲ್ಕೂವರೆ ಲಕ್ಷಕ್ಕೆ ಎಂಟು ತಿಂಗಳಲ್ಲಿ ವೀಸಾ ಮಾಡಿಸ್ತೀವಿ ಅಂತಿದೆ, ಅರ್ಧ ಈಗಲೇ ಕಟ್ಟಬೇಕಂತೆ. ಕಟ್ಟೋದಾ? ಅಷ್ಟರಲ್ಲಿ ಯಾವ ಕಾಗದ ಹೊಂದಿಸ್ಕೋಬೇಕು?

ಕುವೆಂಪುನಗರ:
ಕಟ್ಟಬೇಡಿ ಸರ್. 1983ರ ವಲಸೆ ಕಾಯ್ದೆಯ ನಿಯಮದಂತೆ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯುವ ಸೇವಾಶುಲ್ಕ 30,000 ರೂಪಾಯಿ ದಾಟುವಂತಿಲ್ಲ, ಜಿಎಸ್‌ಟಿ ಬೇರೆ. ಅವರ ನೋಂದಣಿ ಸಂಖ್ಯೆ ಕೇಳಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಭಾಷಾ ತರಗತಿ ಫೀಸನ್ನು ಇದರೊಳಗೆ ಸೇರಿಸಿ ಮೊತ್ತ ಉಬ್ಬಿಸೋದು ಮಾಮೂಲು, ಬಿಲ್ ಬಿಡಿಸಿ ಕೊಡಿ ಅನ್ನಿ. ನರ್ಸ್ ನೇಮಕಾತಿಗೆ ಜರ್ಮನ್ ಸರ್ಕಾರದ್ದೇ ಒಂದು ಗುಣಮುದ್ರೆ ಇದೆ, ‘ಫೇರೆ ಆನ್‌ವೆರ್ಬುಂಗ್ ಫ್ಲೇಗೆ ಡಾಯ್ಚ್‌ಲಾಂಡ್’ ಅಂತ. ಅದು ಇರೋ ಕಡೆ ನೇಮಕಾತಿ ಖರ್ಚು ಉದ್ಯೋಗದಾತನದ್ದೇ.

ಸರಸ್ವತಿಪುರಂ ನರ್ಸಿಂಗ್:
ಕಾಗದದ ವಿಷಯ ಹೇಳ್ತೀನಿ. ಎಲ್ಲ ನಿಂತಿರೋದು ‘ಆನರ್ಕೆನುಂಗ್’ ಮೇಲೆ, ಅಂದ್ರೆ ನಮ್ಮ ಪದವಿಗೆ ಅಲ್ಲಿಯ ರಾಜ್ಯದ ಮಾನ್ಯತೆ. ಅಲ್ಲಿಯ ನರ್ಸಿಂಗ್ ತರಬೇತಿ 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ. ನಿಮ್ಮ ತಂಗಿಯದನ್ನು ಇದರ ಪಕ್ಕ ಇಟ್ಟು ತೂಗ್ತಾರೆ. ಬರೀ ಮಾರ್ಕ್ಸ್ ಕಾರ್ಡ್ ಕಳಿಸಿದ್ರೆ ಗಂಟೆಗಳೇ ಕಾಣಲ್ಲ, ಫೈಲ್ ಅಲ್ಲೇ ನಿಲ್ಲುತ್ತೆ. ರಾಜೀವ್ ಗಾಂಧಿ ವಿವಿಯಿಂದ ಟ್ರಾನ್ಸ್‌ಕ್ರಿಪ್ಟ್ (ವಿಷಯವಾರು ವಿವರದ ಅಧಿಕೃತ ಪತ್ರ) ತೆಗೆಸಿ. ಅದರ ಜೊತೆಗೆ ವಾರ್ಡ್‌ವಾರು ಗಂಟೆಗಳ ಪತ್ರ ಕಾಲೇಜಿಂದ ಬೇಕು: ಮೆಡಿಕಲ್, ಸರ್ಜಿಕಲ್, ಮಕ್ಕಳ ವಿಭಾಗ, ಮನೋರೋಗ, ಸಮುದಾಯ ಆರೋಗ್ಯ ಎಲ್ಲ ಬೇರೆ ಬೇರೆ ಬರೆದಿರಬೇಕು. ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ, ಐಸಿಯು ಅನುಭವ ಪತ್ರವೂ ಇರಲಿ. ವೃದ್ಧರ ಆರೈಕೆ ನಮ್ಮಲ್ಲಿ ಕಮ್ಮಿ ಕಲಿಸೋದರಿಂದ ತೂಗುವಾಗ ಆ ವಿಷಯದಲ್ಲಿ ಕೊರತೆ ಅಂತ ತೋರಿಸ್ತಾರೆ, ಅದಕ್ಕೆ ಗಾಬರಿ ಬೇಡ.

ಹೆಸರು ಈಗಲೇ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ರೆ ಎರಡೂ ಒಬ್ಬರೇ ಅಂತ ನೋಟರಿ ಅಫಿಡವಿಟ್ ಮಾಡಿಸಿ, ಜರ್ಮನ್‌ಗೆ ಅದನ್ನೂ ಅನುವಾದಿಸಿ.

ಶ್ರೀರಂಗಪಟ್ಟಣ:
ಎಂಟು ತಿಂಗಳ ಮಾತು ನಂಬಬೇಡಿ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ನರ್ಸ್ ಆಗಿ ಪೂರ್ಣ ನೋಂದಣಿಗೆ ಭಾಷೆಯ ಬಿ2 ಹಂತ ಬೇಕು, ಅಂದ್ರೆ ಎ2 ಆದ್ಮೇಲೆ ಬಿ1, ಆಮೇಲೆ ಬಿ2. ಡ್ಯೂಟಿ ಮಾಡ್ಕೊಂಡು ಎ2ರಿಂದ ಅಲ್ಲಿಗೆ ಮುಟ್ಟೋಕೆ ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಗೊಯ್ಟೆ ಸಂಸ್ಥೆಯ (ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಸಂಸ್ಥೆ) ಬಿ2 ಪರೀಕ್ಷೆಗೆ ನಾಲ್ಕು ಭಾಗ, ಪ್ರತಿಯೊಂದರಲ್ಲೂ 60 ಬರಬೇಕು. ಒಂದು ಹೋದ್ರೆ ಅದೊಂದನ್ನೇ ಮತ್ತೆ ಬರೀಬಹುದು.

ಆಸ್ಪತ್ರೆ ಸಿಕ್ಕ ಮೇಲೆ ಜರ್ಮನಿಯ ನಿವಾಸ ಕಾಯ್ದೆಯ 81ಎ ಕಲಮಿನ ತ್ವರಿತ ವೀಸಾ ಪ್ರಕ್ರಿಯೆ ಶುರು ಮಾಡೋಕೆ ಆ ಆಸ್ಪತ್ರೆಯವರನ್ನೇ ಕೇಳಿ. ಶುಲ್ಕ 411 ಯೂರೋ. ಕಾಗದ ಪೂರ್ತಿ ಇದ್ರೆ ಮಾನ್ಯತೆ ಕಚೇರಿ ಎರಡು ತಿಂಗಳಲ್ಲಿ ಉತ್ತರ ಕೊಡಬೇಕು.

ಮಂಡ್ಯದ ಅಣ್ಣ:
ತುಂಬಾ ಉಪಕಾರ ಆಯ್ತು. ಕೊರತೆ ಬಂದರೆ ಪರೀಕ್ಷೆನಾ, ತರಬೇತಿನಾ?

ಸರಸ್ವತಿಪುರಂ ನರ್ಸಿಂಗ್:
ಕೊರತೆ ಕಮ್ಮಿ ಇದ್ರೆ ಹೊಂದಾಣಿಕೆ ತರಬೇತಿ ತಗೊಳ್ಳಲಿ, ಕೊನೆಯಲ್ಲಿ ಮಾತುಕತೆ ಅಷ್ಟೇ. ‘ಕೆಂಟ್‌ನಿಸ್‌ಪ್ರೂಫುಂಗ್’, ಅಂದ್ರೆ ಜ್ಞಾನ ಪರೀಕ್ಷೆ, ಆರಿಸಿಕೊಂಡ್ರೆ ಮೌಖಿಕ, ಪ್ರಾಯೋಗಿಕ ಎರಡೂ ಗೆಲ್ಲಬೇಕು. ಅಲ್ಲಿ ನರ್ಸ್ ನೋಂದಣಿ ಆಗೋವರೆಗೆ ನರ್ಸಿಂಗ್ ಸಹಾಯಕಿ ಸಂಬಳವೇ ಬರೋದು, ಅದಕ್ಕೇ ಕರಾರಿನಲ್ಲಿ ಎರಡೂ ಹಂತದ ಸಂಬಳ ಬರೆಸಿ. ಮಧ್ಯದಲ್ಲಿ ಕೆಲಸ ಬಿಟ್ಟು ಹೋದ್ರೆ ಇಷ್ಟು ಸಾವಿರ ಯೂರೋ ವಾಪಸ್ ಕೊಡಬೇಕು ಅನ್ನೋ ಸಾಲು ಕಂಡ್ರೆ, ಅದು ತಿಂಗಳು ತಿಂಗಳು ಇಳೀತಾ ಹೋಗುತ್ತಾ ಅಂತ ಕೇಳಿ ತಿಳ್ಕೊಳ್ಳೋವರೆಗೆ ಸಹಿ ಬೇಡ.